ಕೆರೆ ಅಂಗಳದ ಹತ್ತು ಸುತ್ತು

ನನಗೊಂದು ಕೆಟ್ಟ ಚಾಳಿಯಿದೆ. ಹಳೆಯ ಟೂ ಸ್ಟ್ರೋಕ್ ಬೈಕು ನೀಲಿ ಹೊಗೆ ಬಿಟ್ಟುಕೊಂಡು ಪಕ್ಕದಲ್ಲಿ ಹೋದರೆ ಊರವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮೂಗು ಅರಳಿಸಿಕೊಂಡು ನಿಲ್ಲುತ್ತೇನೆ. ಮೊನ್ನೆ ತಿಪಟೂರಿನ ಬಸ್ ಸ್ಟ್ಯಾಂಡಿನ ಮುಂದೆ ಹೀಗೇ ಆಯಿತು. ಎಡಗೈಯಲ್ಲಿ ತರಕಾರಿ ಚೀಲ, ಬಲಗೈಯಲ್ಲಿ ರಿಪೇರಿಗೆ ಕೊಟ್ಟು ತಂದ ಕುಕ್ಕರು. ಎಲ್ಲಿಂದಲೋ ಒಂದು ಹಳೇ ಗಾಡಿ ಡಗಡಗ ಎಂದು ಬಂದು ಹೋಯಿತು. ನಾನು ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು ಎಳೆದುಕೊಂಡೆ. ಹತ್ತು ಹೆಜ್ಜೆ ಮುಂದೆ ಹೋಗಿದ್ದ ನನ್ನ ಹೆಂಡತಿ ತಿರುಗಿ ನೋಡಿ ಅಲ್ಲಿಂದಲೇ ಕೂಗಿದಳು: "ಏನ್ರೀ, ಆ ಹೊಗೇನ ಪ್ರಸಾದ ಇಸ್ಕೊಂಡಂಗೆ ಇಸ್ಕೊತಾ ಇದೀರಲ್ಲ! ಕೆಮ್ಮು ವಾಸಿಯಾಗಿ ಇನ್ನೂ ಒಂದು ವಾರ ಆಗಿಲ್ಲ ಕಣ್ರೀ!" ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಇದನ್ನೆಲ್ಲ ಬರೆಯಲು ಕುಮ್ಮಕ್ಕು ಕೊಟ್ಟವಳು ಮಾತ್ರ ನನ್ನ ಅಣ್ಣನ ಮೊಮ್ಮಗಳು. ಅವಳು ಹೋದ ವಾರ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ದೇಶದಲ್ಲಿ ಅರವತ್ತು ದಾಟಿದ ಮುದುಕರು ತಮ್ಮಷ್ಟೇ ವಯಸ್ಸಾದ ಬೈಕುಗಳನ್ನು ಕೆಸರಿನಲ್ಲಿ ಓಡಿಸಿ, ಮಣ್ಣಿನ ದಿಬ್ಬ ಹಾರಿಸಿ, ಬಿದ್ದು, ಎದ್ದು, ಮತ್ತೆ ಓಡಿಸುತ್ತಿದ್ದಾರೆ. ಹಳೇ ಕಾಲದ ಮೋಟೋಕ್ರಾಸ್ ಅಂತೆ. ಈಗ ಅದನ್ನು ಅಷ್ಟು ಪ್ರೀತಿಯಿಂದ ಕಾಪಾಡಿಕೊಂಡು ಬಂದಿದ್ದಾರಂತೆ. "ಚಿಕ್ಕತಾತ, ನೀನೂ ರೇಸ್ ಓಡಿಸಿದ್ದೆಯಂತೆ? ಅಜ್ಜಿ ಹೇಳಿದ್ರು. ಎಷ್ಟನೇ ಬಂದೆ?" ಎಂದಳು. ಏಳನೆಯವನು ಎಂದೆ. ಅವಳ ಕಣ್ಣು ಅರಳಿತು. ಒಟ್ಟು ಎಷ್ಟು ಜನ ಓಡಿಸಿದ್ದು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ. ನಿಮಗೆ ಹೇಳುತ್ತೇನೆ, ನಾವಿದ್ದದ್ದು ಏಳೇ ಜನ.

ನನ್ನ ಮೊದಲ ವಾಹನ ಬೈಕಲ್ಲ. ಸೈಕಲ್ಲೂ ಅಲ್ಲ, ತೆಂಗಿನ ಗರಿ. ಹೊನ್ನವಳ್ಳಿಯ ಆಸುಪಾಸಿನ ನಮ್ಮ ಊರಿನ ಮಕ್ಕಳಿಗೆಲ್ಲ ಅದೇ ವಾಹನ. ಗರಿಯ ಅಗಲವಾದ ಬುಡದ ಮೇಲೆ ಒಬ್ಬ ಕೂರುವುದು, ತುದಿ ಹಿಡಿದು ಇನ್ನೊಬ್ಬ ಎಳೆಯುವುದು. ಕೆರೆ ಏರಿಯ ಮೇಲಿಂದ ಕೆಳಕ್ಕೆ ಹಾಗೆ ಜಾರಿ ಬಂದು ನನ್ನ ಎಷ್ಟು ಚಡ್ಡಿಗಳ ಹಿಂಭಾಗ ಹರಿದಿದೆಯೋ ಲೆಕ್ಕವಿಲ್ಲ. ಅಮ್ಮ ತೇಪೆಯ ಮೇಲೆ ತೇಪೆ ಹಾಕಿ, ಕೊನೆಗೆ ಹಳೇ ಗೋಣಿಚೀಲದ ತುಂಡನ್ನೇ ಹೊಲಿದು, "ಇನ್ನೊಂದು ಸಲ ಹರ್ಕೊಂಡು ಬಾ, ಹಂಗೇ ಸ್ಕೂಲಿಗೆ ಕಳಿಸ್ತೀನಿ" ಎಂದಿದ್ದಳು. ಗೋಣಿಚೀಲ ಚುಚ್ಚುತ್ತಿತ್ತು. ಆದರೂ ನಾನು ಏರಿಗೆ ಹೋಗುವುದನ್ನು ಬಿಡಲಿಲ್ಲ.

ನಮ್ಮ ಮನೆಗೆ ಬೈಕು ಬಂದದ್ದು ಅತ್ತಿಗೆಯ ಜೊತೆ. ನನ್ನ ಅಣ್ಣ ಪರಮೇಶನಿಗೆ ಮೈಸೂರಿನಿಂದ ಹೆಣ್ಣು ತಂದರು. ಅತ್ತಿಗೆಯ ಹೆಸರು ಸರ್ವಮಂಗಳ. ಅವರ ಅಪ್ಪ ಮೈಸೂರಿನ ಬೈಕ್ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ಕೆಲಸದಲ್ಲಿದ್ದವರು. ಮದುವೆಗೆ ಬಂಗಾರದ ಜೊತೆಗೆ ಒಂದು ಬೈಕನ್ನೂ ಕೊಟ್ಟರು. ಎರಡು ಸೈಲೆನ್ಸರು, ಗೇರಿನ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಅದೇ ಕಿಕ್ಕರ್ ಆಗುತ್ತಿತ್ತು ಎಂದರೆ ಆ ಕಾಲದವರಿಗೆ ಗಾಡಿಯ ಹೆಸರು ಹೇಳಬೇಕಾಗಿಲ್ಲ. "ಇದರ ಎಂಜಿನ್ ನಾನೇ ಕೈಯಾರೆ ಜೋಡ್ಸಿದೀನಿ ಅಳಿಯಂದ್ರೇ" ಎಂದು ಅವರು ಮದುವೆಯ ದಿನ ಅಣ್ಣನಿಗೆ ಮೂರು ಸಲ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಅದಾಗಿ ಆರು ತಿಂಗಳಿಗೆ ಆ ಹಿರಿಯರು ತೀರಿಕೊಂಡರು. ಅತ್ತಿಗೆ ತವರಿಗೆ ಹೋಗಿ ಹದಿಮೂರು ದಿನ ಇದ್ದು ಬಂದರು. ಬಂದವರು ನಮ್ಮೆದುರು ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ನಾವು, ಅದರಲ್ಲೂ ನಾನು, ಮೈಸೂರಿನವರು ಹೀಗೇ ಏನೋ ಅಂದುಕೊಂಡೆವು.

ಅಣ್ಣನಿಗೂ ಬೈಕಿಗೂ ಜಾತಕವೇ ಕೂಡಲಿಲ್ಲ. ಕಿಕ್ಕರನ್ನು ಗೇರು ಮಾಡುವುದು, ಗೇರನ್ನು ಕಿಕ್ಕರು ಮಾಡುವುದು ಅವನಿಗೆ ಕೊನೆಯವರೆಗೂ ಹತ್ತಲಿಲ್ಲ. ನಾನು ಮಾತ್ರ ಅದರ ಹಿಂದೆ ಬಿದ್ದೆ. ಆಗ ನನಗೆ ಇಪ್ಪತ್ತೊಂದು. ತಿಪಟೂರಿನ ಕಾಲೇಜಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮನೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಓಡಾಡಿಕೊಂಡಿದ್ದ ಕಾಲ. ನನಗೆ ಗಾಡಿ ಕಲಿಸಿದವರು ಅತ್ತಿಗೆ. ಅವರು ಸೀಟಿನ ಮೇಲೆ ಕೂರಲಿಲ್ಲ. ಹಿತ್ತಲ ಬಾಗಿಲಲ್ಲಿ ಹುರುಳಿಕಾಯಿ ಮುರಿಯುತ್ತಾ ಕೂತು ಬರೀ ಸದ್ದು ಕೇಳಿಯೇ ಪಾಠ ಮಾಡುತ್ತಿದ್ದರು. "ಲೋ ಶಂಕರ, ಎರಡನೇ ಗೇರಲ್ಲಿ ಹೊರಡ್ತಾ ಇದೀಯ, ಒಂದಕ್ಕೆ ಹಾಕೋ." "ಕ್ಲಚ್ ಅಷ್ಟು ಬೇಗ ಬಿಡ್ಬೇಡ, ಅದೇನು ಎಮ್ಮೆ ಹಗ್ಗಾನಾ?" ನಾನು ತೋಟದ ಆ ತುದಿಯಲ್ಲಿ ತಪ್ಪು ಮಾಡಿದರೂ ಅವರಿಗೆ ಗೊತ್ತಾಗಿಬಿಡುತ್ತಿತ್ತು.

ಅವರು ಒಂದು ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ಟೂ ಸ್ಟ್ರೋಕ್ ಗಾಡಿಯ ಎಂಜಿನ್ನಿಗೆ ಬೇರೆ ಎಣ್ಣೆ ಹಾಕುವುದಿಲ್ಲ. ಪೆಟ್ರೋಲಿಗೇ ಬೆರೆಸಿ ಕುಡಿಸಬೇಕು. ಎಣ್ಣೆ ಕಡಿಮೆಯಾದರೆ ಎಂಜಿನ್ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ ಕಪ್ಪಾಗುತ್ತದೆ. "ಮೊದ್ಲು ಎಣ್ಣೆ, ಆಮೇಲೆ ಪೆಟ್ರೋಲ್. ಮೇಲಿಂದ ಪೆಟ್ರೋಲ್ ಬಿದ್ದಾಗ ತಾನೇ ಬೆರೆಯುತ್ತೆ. ನಮ್ಮಪ್ಪ ಹಿಂಗೇ ಹೇಳ್ಕೊಟ್ಟಿದ್ದು" ಎನ್ನುತ್ತಿದ್ದರು. ಅಳೆಯುವುದಕ್ಕೆ ಒಂದು ಸ್ಟೀಲ್ ಲೋಟವನ್ನು ಬೇರೆಯೇ ಇಟ್ಟಿದ್ದರು. ಒಂದು ಸಲ ಅಮ್ಮ ಅದರಲ್ಲಿ ಅಪ್ಪನಿಗೆ ಮಜ್ಜಿಗೆ ಕೊಟ್ಟು ದೊಡ್ಡ ರಂಪವಾಗಿತ್ತು.

ಅಪ್ಪನ ವಿಷಯ ಹೇಳಬೇಕು. ಅಪ್ಪನಿಗೆ ಬೈಕು ಕಂಡರೆ ಆಗುತ್ತಿರಲಿಲ್ಲ. ನಮ್ಮ ಕಡೆ ಕಾಯನ್ನು ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಉಂಡೆ ಕೊಬ್ಬರಿ ಲೊಡಲೊಡ ಎನ್ನುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ಒಂದು ಕಾಯಿಗೆ ಒಂದು ವರ್ಷ ಕಾಯುವ ಮನುಷ್ಯನಿಗೆ, ಒಂದು ನಿಮಿಷದಲ್ಲಿ ಊರು ದಾಟಿಬಿಡುವ ಗಾಡಿಯ ಮೇಲೆ ನಂಬಿಕೆ ಬರುವುದಾದರೂ ಹೇಗೆ? ಅವರು ಶೆಟ್ಟಿಕೆರೆಗೆ ಹೋಗಬೇಕಾದರೂ ಬಸ್ಸಿಗೇ ಕಾಯುತ್ತಿದ್ದರು. ಬಸ್ಸು ಬರದಿದ್ದರೆ ಮನೆಗೆ ಬಂದು ಊಟ ಮಾಡಿ ಮಲಗುತ್ತಿದ್ದರು.

ಆ ವರ್ಷ ಸುಗ್ಗಿಯ ಹೊತ್ತಿಗೆ ಅಣ್ಣ ಓಣಿಯ ಮರಳಿನಲ್ಲಿ ಬೈಕಿನಿಂದ ಬಿದ್ದು ಭುಜದ ಹತ್ತಿರದ ಮೂಳೆ ಮುರಿದುಕೊಂಡ. ಅಪ್ಪ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದರು: "ಈ ಗಾಡಿ ನಮ್ಮ ರಸ್ತೆಗಲ್ಲ. ಮಾರಿಬುಡಣ." ತುರುವೇಕೆರೆಯ ಗೊಬ್ಬರದಂಗಡಿಯ ರಾಜಣ್ಣ ಎನ್ನುವವರಿಗೆ ಮಾತೂ ಕೊಟ್ಟರು. ಸಂಕ್ರಾಂತಿ ಕಳೆದ ಮೇಲೆ ಒಂದು ಸೋಮವಾರ ಬಂದು ತೆಗೆದುಕೊಂಡು ಹೋಗುವುದು ಎಂದಾಯಿತು.

ಮಾತು ಕೊಟ್ಟ ದಿನ ಮಧ್ಯಾಹ್ನ ನಾನು ಕೊಟ್ಟಿಗೆಗೆ ಹೋದಾಗ ಅತ್ತಿಗೆ ಅಣ್ಣನ ಹಳೇ ಪಂಚೆಯ ತುಂಡಿನಿಂದ ಎಂಜಿನ್ನನ್ನು ಒರೆಸುತ್ತಿದ್ದರು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಅವರಪ್ಪನ ಕೈ ಮುಟ್ಟಿದ ವಸ್ತು ನಮ್ಮ ಮನೆಯಲ್ಲಿ ಅದೊಂದೇ ಎಂದು ನನ್ನ ದಡ್ಡ ತಲೆಗೆ ಹೊಳೆದದ್ದು ಆಗಲೇ. ಸೀದಾ ಅಪ್ಪನ ಹತ್ತಿರ ಹೋಗಿ ಬಾಯಿ ಬಿಟ್ಟೆ.

"ಅಪ್ಪ, ತಪ್ಪು ಗಾಡೀದಲ್ಲ, ಓಡಿಸಿದವನದು."

ಕೈಗೆ ಕಟ್ಟು ಹಾಕಿಸಿಕೊಂಡು ಅಲ್ಲೇ ಕೂತಿದ್ದ ಅಣ್ಣ ನನ್ನನ್ನು ನುಂಗುವ ಹಾಗೆ ನೋಡಿದ. ಅಪ್ಪ ಎಲೆಗೆ ಸುಣ್ಣ ಸವರುತ್ತಾ, "ಹಂಗಾದ್ರೆ ನೀನು ಓಡ್ಸಿ ತೋರ್ಸು. ಮುಂದ್ಲ ಭಾನುವಾರ ನಮ್ಮ ಕೆರೆ ಅಂಗಳದಾಗೆ ಅದೇನೋ ಓಟ ಮಡಗವ್ರಲ್ಲ, ಅದ್ರಾಗೆ ಓಡ್ಸು. ಹತ್ತು ಸುತ್ತು ನಿಲ್ಲದಂಗೆ ಓಡುದ್ರೆ ಗಾಡಿ ಮನೇಲಿರ್ಲಿ. ನಿಂತ್ರೆ ಸೋಮವಾರ ತುರುವೇಕೆರೆಗೆ. ಆಯ್ತೇನ್ಲಾ?" ಎಂದರು. ನಾನು ಆಯ್ತು ಎಂದೆ. ಅಪ್ಪ ಕೊಟ್ಟ ಮಾತನ್ನು ತಪ್ಪಿದವರಲ್ಲ, ಆಡಿದ ಷರತ್ತನ್ನು ಸಡಿಲಿಸಿದವರೂ ಅಲ್ಲ.

ಓಟದ ವಿಷಯ. ತಿಪಟೂರಿನ ಒಂದಿಷ್ಟು ಉತ್ಸಾಹಿ ಹುಡುಗರು ಬೆಂಗಳೂರಿನಲ್ಲಿ ಮೋಟೋಕ್ರಾಸ್ ನೋಡಿ ಬಂದು, ನಮ್ಮಲ್ಲೂ ಒಂದು ಮಾಡೋಣ ಎಂದು ಹೊರಟಿದ್ದರು. ಆ ಸಲ ಮಳೆ ಕಡಿಮೆಯಾಗಿ ಕೆರೆಯ ಮೇಲ್ಭಾಗ ಒಣಗಿತ್ತು. ಅಲ್ಲಿ ತೆಂಗಿನ ಸಿಪ್ಪೆಯ ಗುಡ್ಡೆಗಳನ್ನು ಹಾಕಿ ದಾರಿ ಗುರುತು ಮಾಡಿದರು. ಕೆರೆಯ ಗೋಡು ಮಣ್ಣನ್ನು ಗಾಡಿಗಟ್ಟಲೆ ಹೇರಿ ಮೂರು ದಿಬ್ಬ ಮಾಡಿದರು. ಹಿಂದಿನ ದಿನವೇ ಬೆಂಗಳೂರು, ತುಮಕೂರಿನ ಕಡೆಯಿಂದ ಆರು ಬೈಕು ಬಂದವು. ಅಬ್ಬಾ, ಅವುಗಳನ್ನು ನೋಡಿ ನಮ್ಮೂರ ಜನ ದಂಗಾದರು. ದೀಪ ಕಿತ್ತುಹಾಕಿದ್ದಾರೆ, ಮಡ್‌ಗಾರ್ಡು ಎತ್ತರಕ್ಕೆ ಕಟ್ಟಿದ್ದಾರೆ, ಟೈರಿನ ತುಂಬ ಉಬ್ಬುಬ್ಬು ಗುಬಟು. ನಮ್ಮ ತಳವಾರ ರಂಗಪ್ಪ ಎಲ್ಲವನ್ನೂ ಸುತ್ತು ಹಾಕಿ ನೋಡಿ, "ಪಾಪ, ಎಲ್ಲೋ ಆಕ್ಸಿಡೆಂಟ್ ಆಗೈತೆ ಕಣ್ರಪ್ಪ" ಎಂದು ಮರುಗಿದ.

ಅಂದು ಸಂಜೆ ಅತ್ತಿಗೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಿ ತೊಳೆಸಿದರು. ಹೊಸ ಪೆಟ್ರೋಲನ್ನು ಬೆಳಿಗ್ಗೆ ಅಣ್ಣ ತಿಪಟೂರಿನಿಂದ ಕ್ಯಾನಿನಲ್ಲಿ ತರಿಸುವುದು. ಎಣ್ಣೆಯನ್ನು ಈಗಲೇ ಒಂದು ಲೋಟ ಹಾಕಿಡು, ಡಬ್ಬ ಗೂಡಿನಲ್ಲಿದೆ ಎಂದು ಹೇಳಿ ಒಳಗೆ ಹೋದರು. ಅಷ್ಟು ಮಾಡಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ ನಾನು ಮಧ್ಯಾಹ್ನ ಕೆರೆ ಅಂಗಳದಲ್ಲಿ ಬೆಂಗಳೂರಿನ ಉದ್ದ ಕೂದಲಿನ ಹುಡುಗನೊಬ್ಬನ ಸ್ನೇಹ ಮಾಡಿಕೊಂಡಿದ್ದೆ. ಅವನ ಗಾಡಿಯ ಹೊಗೆಗೆ ಒಂದು ವಿಚಿತ್ರ ಸಿಹಿ ವಾಸನೆ. ಏನಪ್ಪಾ ಹಾಕ್ತೀಯ ಎಂದರೆ, ರೇಸ್ ಗಾಡಿಗಳಿಗೆಲ್ಲ ಹರಳೆಣ್ಣೆಯಿಂದ ಮಾಡಿದ ಎಣ್ಣೆಯನ್ನೇ ಹಾಕುವುದು, ಎಂಜಿನ್ ಬೆಣ್ಣೆಯ ಹಾಗೆ ಓಡುತ್ತದೆ ಎಂದ. ಹರಳೆಣ್ಣೆ! ಹೊಟ್ಟೆ ಕಟ್ಟಿದರೆ ಕುಡಿಯುವ ಹರಳೆಣ್ಣೆಗೇ ಇಷ್ಟು ಮರ್ಯಾದೆ ಇದ್ದರೆ ನಮ್ಮ ಕೊಬ್ಬರಿ ಎಣ್ಣೆಗೆ ಎಷ್ಟಿರಬೇಡ? ಇಡೀ ದೇಶಕ್ಕೆ ಕೊಬ್ಬರಿ ಕಳಿಸುವ ಸೀಮೆಯಲ್ಲಿ ಹುಟ್ಟಿದ್ದೇನೆ; ಅಟ್ಟದಲ್ಲಿ ಒಡೆದ ಕೊಬ್ಬರಿ ಚೂರನ್ನು ಗಾಣಕ್ಕೆ ಹಾಕಿಸಿ ತಂದ ಎಣ್ಣೆ ಡಬ್ಬ ತುಂಬ ಇದೆ. ತಲೆಗೂದಲಿಗೇ ಅಷ್ಟು ನುಣುಪು ಕೊಡುವ ಎಣ್ಣೆ ಎಂಜಿನ್ನಿಗೆ ಕೊಡದೆ ಇರುತ್ತದೆಯೇ? ಗೂಡಿನಲ್ಲಿದ್ದ ಸರಿಯಾದ ಎಣ್ಣೆಯನ್ನು ಅಲ್ಲೇ ಬಿಟ್ಟು, ಅಮ್ಮನ ಕೊಬ್ಬರಿ ಎಣ್ಣೆಯ ಡಬ್ಬದಿಂದ ಒಂದು ಲೋಟ ಅಳೆದು ಖಾಲಿ ಟ್ಯಾಂಕಿಗೆ ಸುರಿದೆ. ಯಾರಿಗೂ ಹೇಳಲಿಲ್ಲ. ಗೆದ್ದ ಮೇಲೆ ಹೇಳೋಣ ಎಂದುಕೊಂಡೆ. ನಮ್ಮ ಸೀಮೆಯವನಲ್ಲದೆ ಬೇರೆ ಯಾರೂ ಈ ತಪ್ಪನ್ನು ಮಾಡಲಾರರು ಎಂದು ಈಗಲೂ ನನಗೆ ನಂಬಿಕೆಯಿದೆ.

ಮರುದಿನ ಬೆಳಿಗ್ಗೆ ಗಡಗಡ ನಡುಗುವ ಚಳಿ. ಅಣ್ಣ ತರಿಸಿದ ಪೆಟ್ರೋಲನ್ನು ಟ್ಯಾಂಕಿಗೆ ಸುರಿದುಕೊಂಡು ಕೆರೆ ಅಂಗಳಕ್ಕೆ ಹೋದೆ. ಹೆಂಗಸರೆಲ್ಲ ಒಂದು ಕಡೆ, ಗಂಡಸರೆಲ್ಲ ಒಂದು ಕಡೆ. ಮೈಕಿನ ಪಕ್ಕದಲ್ಲಿ ಊರಿನ ಹಿರಿಯರಿಗೆ ಕುರ್ಚಿ ಹಾಕಿದ್ದರು. ಅಪ್ಪ ಶಾಲು ಹೊದ್ದು ಮಧ್ಯದ ಕುರ್ಚಿಯಲ್ಲಿ ಕೂತಿದ್ದರು. ಬಿಸಿಲೇರುವ ಮೊದಲೇ ಬಾವುಟ ಬಿತ್ತು. ಏಳು ಗಾಡಿಗಳೂ ಒಟ್ಟಿಗೆ ಅರಚಿಕೊಂಡು ಹೊರಟವು. ಮೊದಲ ಸುತ್ತಿನಲ್ಲಿ ನಾನು ಐದನೆಯವನಾಗಿದ್ದೆ, ನಂಬಿ. ದಿಬ್ಬ ಹಾರಿದಾಗ ಹೊಟ್ಟೆ ಗಂಟಲಿಗೆ ಬಂತು. ಎರಡನೇ ಸುತ್ತು ಮುಗಿಯುತ್ತಿದ್ದಂತೆ ಗಾಡಿ ಒಂದು ಸಲ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಸರಿಯಾಗಿ ಅಪ್ಪನ ಕುರ್ಚಿಯ ಎದುರಿಗೆ ನಿಂತುಬಿಟ್ಟಿತು.

ಕಿಕ್ಕರ್ ಹೊಡೆದೆ. ಹತ್ತು ಸಲ, ಇಪ್ಪತ್ತು ಸಲ. ಮಿಕ್ಕ ಆರು ಗಾಡಿಗಳು ಧೂಳೆಬ್ಬಿಸಿಕೊಂಡು ಪಕ್ಕದಲ್ಲೇ ಹೋದವು. ಅಪ್ಪ ನನ್ನನ್ನೇ ನೋಡುತ್ತಿದ್ದರು. ಗಾಡಿ ತುರುವೇಕೆರೆಗೆ ಹೋಯಿತು ಎಂದು ಗೊತ್ತಾಯಿತು.

ಆಗ ಹೆಂಗಸರ ಗುಂಪಿನಿಂದ ಅತ್ತಿಗೆ ಎದ್ದು ಬಂದರು. ಹತ್ತೂರಿನ ಜನ ಸೇರಿದ್ದ ಕಡೆ, ಮಾವನ ಎದುರಿಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಬಂದರು. ಗಾಡಿಯನ್ನು ಒಂದು ಸಿಪ್ಪೆ ಗುಡ್ಡೆಯ ಪಕ್ಕಕ್ಕೆ ತಳ್ಳಿಸಿ, ಟ್ಯಾಂಕಿನಡಿ ಪೆಟ್ರೋಲ್ ಬಿಡುವ ಕಾಕಿನ ಪೈಪು ಎಳೆದರು. ಒಂದು ಹನಿಯೂ ಬರಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡಿದರು. ತಳದಲ್ಲಿ ಬೆಳ್ಳಗೆ ಗಟ್ಟಿ ಗಟ್ಟಿ.

"ಏನೋ ಹಾಕಿದ್ದೆ?" ಮೆಲ್ಲಗೆ ಕೇಳಿದರು.

"ಎಣ್ಣೆ."

"ಯಾವ ಎಣ್ಣೆ?"

ನಾನು ನೆಲ ನೋಡಿದೆ. "ಕೊಬ್ಬರಿ ಎಣ್ಣೆ. ನಮ್ಮದೇ. ಗಾಣದ್ದು."

ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ್ದ ಎಣ್ಣೆ ದಿಬ್ಬದ ಕುಲುಕಾಟಕ್ಕೆ ಚೂರುಚೂರಾಗಿ ಕಾಕಿನ ಜಾಲರಿಗೆ ಬಡಿದು ಕೂತಿತ್ತು. ನಮ್ಮ ಕಡೆಯ ಚಿಕ್ಕ ಮಗುವಿಗೂ ಗೊತ್ತು, ಜನವರಿಯಲ್ಲಿ ತಲೆಗೆಣ್ಣೆಯ ಬಾಟಲಿಯನ್ನು ಬಿಸಿಗೆ ಇಡದಿದ್ದರೆ ಒಂದು ಹನಿ ಬರುವುದಿಲ್ಲ. ರೇಸಿನ ಅಮಲಿನಲ್ಲಿ ನನಗೊಬ್ಬನಿಗೆ ಅದು ನೆನಪಾಗಿರಲಿಲ್ಲ.

"ಆಮೇಲೆ ನಿನ್ನ ವಿಚಾರಿಸ್ಕೋತೀನಿ. ಮೊದ್ಲು ಟೀ ಅಂಗಡಿಯಿಂದ ಬಿಸಿನೀರು ತಗೊಂಡು ಬಾ. ಓಡು."

ಓಡಿದೆ. ಕೆಟಲ್ ಹಿಡಿದು ವಾಪಸು ಬರುವಷ್ಟರಲ್ಲಿ ಅಪ್ಪ ಕುರ್ಚಿಯಿಂದೆದ್ದು ಅಲ್ಲಿಗೆ ಬಂದು ನಿಂತಿದ್ದರು.

"ಏನಾಯ್ತ್ಲಾ?" ಎಂದರು ನನಗೆ.

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ತಲೆ ತಗ್ಗಿಸಿಕೊಂಡು ಹೇಳಿದರು: "ನನ್ನಿಂದ ತಪ್ಪಾಯ್ತು ಮಾವ. ಎಣ್ಣೆ ಡಬ್ಬ ಅದಲುಬದಲು ಮಾಡ್ಬಿಟ್ಟೆ."

ನಾನು ಸುಮ್ಮನೆ ನಿಂತಿದ್ದೆ. ಅಂಥ ಹೇಡಿತನವನ್ನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಅಪ್ಪ ಬಗ್ಗಿ ಟ್ಯಾಂಕಿನ ಬಾಯಿಗೆ ಮೂಗು ಹಿಡಿದರು. ನನ್ನನ್ನು ಒಮ್ಮೆ ನೋಡಿದರು, ಅತ್ತಿಗೆಯನ್ನು ಒಮ್ಮೆ ನೋಡಿದರು.

"ಗಾಡಿ ನಿಂತೋಗೈತೆ" ಎಂದರು.

"ಹೌದು ಮಾವ. ನಿಂತಿದೆ. ಮಾತು ಮಾತೇ, ನಾಳೆ ಕೊಟ್ಬಿಡೋಣ." ಅತ್ತಿಗೆ ಟ್ಯಾಂಕಿನ ಮೇಲೆ ಕೈಯಿಟ್ಟರು. "ಆದ್ರೆ ಓಡಕ್ಕಾಗ್ದೆ ನಿಂತ ಗಾಡಿ ಅಂತ ಅನ್ನಿಸ್ಕೊಂಡು ಹೋಗೋದು ಬೇಡ. ಉಳಿದ ಸುತ್ತು ಓಡಿಸಿಬಿಡ್ಲಿ."

ಅಪ್ಪ ವಾಪಸು ಹೋಗಿ ಕುರ್ಚಿಯಲ್ಲಿ ಕೂತರು. ಅತ್ತಿಗೆ ಯಾರದೋ ಟವೆಲ್ಲನ್ನು ಬಿಸಿನೀರಿನಲ್ಲಿ ಅದ್ದಿ ಕಾಕಿಗೆ ಸುತ್ತಿದರು. ಟ್ಯಾಂಕಿನ ತಳಕ್ಕೆ ಒತ್ತಿ ಹಿಡಿದರು. ಆರಿದಾಗ ಮತ್ತೆ ಅದ್ದಿದರು. ಕೈ ಸುಟ್ಟು ಕೆಂಪಾದರೂ ಬಿಡಲಿಲ್ಲ. ನಾನು ಗಾಡಿಯನ್ನು ಆ ಕಡೆ ಈ ಕಡೆ ಅಲ್ಲಾಡಿಸುತ್ತಿದ್ದೆ. ಮೂರು ಕೆಟಲ್ ನೀರು ಮುಗಿದ ಮೇಲೆ ಪೈಪಿನಿಂದ ತೊಟತೊಟ ಎಂದು ಪೆಟ್ರೋಲ್ ಇಳಿಯಿತು. ನಾನು ಕಿಕ್ಕರ್ ಹೊಡೆಯಲು ಹೋದೆ, ಒದ್ದು ಒದ್ದು ಸೋತಿದ್ದ ಕಾಲು ಏಳಲಿಲ್ಲ. "ಸರಿಯೋ ಆ ಕಡೆ" ಎಂದು ಅತ್ತಿಗೆ ಕಡ್ಡಿಯನ್ನು ಒತ್ತಿ ಎತ್ತಿ, ಒಂದು ಸಲ ಒದ್ದರು. ಎರಡನೇ ಸಲಕ್ಕೆ ಗಾಡಿ ಹೊತ್ತಿಕೊಂಡಿತು.

ಬಿಳಿ ಹೊಗೆ ಬುಸ್ಸೆಂದು ಎದ್ದು ಜನರ ಮೇಲೆ ಹೋಯಿತು. ಕೊಬ್ಬರಿ ಎಣ್ಣೆ ಕಾಯಿಸಿದ ಘಮ! ಗಾಡಿಯ ಸದ್ದಿನ ನಡುವೆ ಮೊದಲು ಕೇಳಿದ್ದು ನಮ್ಮಮ್ಮನ ದನಿ: "ಹೋಗ್ಲಾ, ಏನ್ ನೋಡ್ತಾ ನಿಂತ್ಕಂಡೆ!"

ಹೋದೆ. ಮಿಕ್ಕವರದು ಆಗಲೇ ಮುಗಿದಿತ್ತು. ಅವರೆಲ್ಲ ಎಳನೀರು ಕುಡಿಯುತ್ತಾ ಕೂತಿದ್ದರು. ನಾನೊಬ್ಬನೇ ಎಂಟು ಸುತ್ತು. ಯಾರೋ ಕೂಗಿದರು, "ತಲೆಗ್ ಹಾಕ್ಕೊಳ್ಳೋ ಎಣ್ಣೆ ಕಣ್ಲಾ ಅದು!" ಜನ ನಕ್ಕರು. ಆಮೇಲೆ ನಗು ನಿಂತು ಎಣಿಕೆ ಶುರುವಾಯಿತು. ನಾಲ್ಕು... ಐದು... ಏಳನೇ ಸುತ್ತಿಗೆ ಹೆಂಗಸರೂ ಎಣಿಸತೊಡಗಿದರು. ಬೆಂಗಳೂರಿನ ಉದ್ದ ಕೂದಲಿನ ಹುಡುಗ ಪಕ್ಕದಲ್ಲಿ ಟವೆಲ್ ಬೀಸುತ್ತಾ ಓಡುತ್ತಿದ್ದ. ಅವನೇ ಆ ದಿನ ಗೆದ್ದವನು. ಹತ್ತನೆಯ ಸುತ್ತು ಮುಗಿಸಿ ನಿಂತಾಗ ಅವನು ಬಂದು ನನ್ನ ಸೈಲೆನ್ಸರಿಗೆ ಮೂಗು ಹಿಡಿದು, "ಏನು ಗುರೂ, ಚಕ್ಕುಲಿ ಕರೀತಿದ್ಯಾ?" ಎಂದ. ನನಗೆ ನಗು ಬರಲಿಲ್ಲ. ಅಪ್ಪನ ಕುರ್ಚಿ ಖಾಲಿಯಾಗಿತ್ತು.

ಸಂಜೆ ಹೊತ್ತು ಮುಳುಗುವ ಮೊದಲು ತೋಟಕ್ಕೆ ಹೋದೆ. ಅಪ್ಪ ಬಿದ್ದ ಕಾಯಿ ಆಯ್ದು ಗುಡ್ಡೆ ಮಾಡುತ್ತಿದ್ದರು. ಎದುರಿಗೆ ನಿಂತು ಹೇಳಿದೆ: "ಅಪ್ಪ, ಎಣ್ಣೆ ಹಾಕಿದ್ದು ಅತ್ತಿಗೆ ಅಲ್ಲ. ನಾನು."

"ಗೊತ್ತು ಕಣ್ಲಾ" ಎಂದರು. ಕೈಯಲ್ಲಿದ್ದ ಕಾಯನ್ನು ಗುಡ್ಡೆಗೆ ಎಸೆದರು. "ಅಂಥ ಕೆಲ್ಸ ಮಾಡೋ ಅಷ್ಟು ಬುದ್ಧಿವಂತ ನಮ್ಮನೇಲಿ ಇನ್ಯಾರವ್ನೆ?" ಇನ್ನೊಂದು ಕಾಯಿ ಆಯ್ದುಕೊಂಡರು. ಅದನ್ನೂ ಗುಡ್ಡೆಗೆ ಎಸೆದು, "ಅವ್ರಪ್ಪನ ಗಾಡಿ ಹೋಗ್ತೈತೆ ಅಂತ ಗೊತ್ತಿದ್ದೂ ನಿನ್ನ ಬಿಟ್ಕೊಡ್ಲಿಲ್ವಲ್ಲ ಆ ಹೆಣ್ಮಗ" ಎಂದರು. ಅವರು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಹತ್ತು ಗಂಟೆಯ ಬಸ್ಸಿಗೆ ತುರುವೇಕೆರೆಯ ರಾಜಣ್ಣ ಬಂದಿಳಿದರು. ಗಾಡಿ ಹೊಡೆದುಕೊಂಡು ಹೋಗಲು ಕಣ್ಣಿಗೆ ಕಪ್ಪು ಕನ್ನಡಕ ಬೇರೆ. ಅಪ್ಪ ಪಡಸಾಲೆಯಲ್ಲಿ ಕೂರಿಸಿ ಕಾಫಿ ಕೊಡಿಸಿದರು. ಕುಡಿದು ಲೋಟ ಕೆಳಗಿಟ್ಟ ಅವರು, "ಗಾಡಿ ಎಲ್ಲೈತೆ ಯಜಮಾನ್ರೇ?" ಎಂದರು.

"ಗಾಡಿ ಐತೆ. ಆದ್ರೆ ರಾಜಣ್ಣ, ನಾನು ಮಾತು ಕೊಡೋಕೆ ಮುಂಚೆ ಒಂದು ಯೋಚ್ನೆ ಮಾಡ್ಬೇಕಾಗಿತ್ತು" ಎಂದರು ಅಪ್ಪ. "ಅದು ನಂದಲ್ಲ. ನನ್ನ ಮಗಂದೂ ಅಲ್ಲ. ನಮ್ಮ ಬೀಗ್ರು ಅವ್ರ ಮಗಳ ಜೊತೇಲಿ ಕಳ್ಸಿದ್ದು, ಕೈಯಾರೆ ಜೋಡ್ಸಿ. ನಂದಲ್ಲದ ವಸ್ತುಗೆ ನಾನು ಮಾತು ಕೊಟ್ಟಿದ್ದೇ ತಪ್ಪು. ಅವಳ್ನೇ ಕೇಳು." ಒಳಗೆ ತಿರುಗಿ ಕೂಗಿದರು: "ಮಂಗಳಾ, ಬಾಮ್ಮ ಇಲ್ಲಿ."

ಹೊರಗಿನವರು ಬಂದಾಗ ಸೊಸೆಯನ್ನು ಪಡಸಾಲೆಗೆ ಕರೆಯುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಅತ್ತಿಗೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲ ಪಕ್ಕ ನಿಂತರು. ಎಲ್ಲವನ್ನೂ ಒಳಗಿಂದ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ.

"ಕೊಡಲ್ಲ" ಎಂದರು. ಆಮೇಲೆ ಮರ್ಯಾದೆಗೆ, "ಕೊಡಲ್ಲ ಕಣ್ರೀ, ತಪ್ಪು ತಿಳ್ಕೋಬೇಡಿ" ಎಂದು ಸೇರಿಸಿದರು.

ರಾಜಣ್ಣ ಬಸ್ ಚಾರ್ಜು ದಂಡವಾಯಿತೆಂದು ಗೊಣಗುತ್ತಾ, ಅಪ್ಪ ಕೊಟ್ಟ ನಾಲ್ಕು ಕಾಯಿಗಳನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ಅಪ್ಪ ಏನೂ ಆಗಿಲ್ಲವೆಂಬಂತೆ ಅಟ್ಟ ಹತ್ತಿದರು. ನಾನು ಹಿತ್ತಲಿಗೆ ಹೋದೆ. ಅತ್ತಿಗೆ ಗಾಡಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅಳುತ್ತಿದ್ದರು. ತವರಿನಿಂದ ಬಂದು ಒಂದೂವರೆ ವರ್ಷ ತಡೆದುಕೊಂಡಿದ್ದನ್ನೆಲ್ಲ ಒಟ್ಟಿಗೆ ಅಳುತ್ತಿದ್ದರು. ನಾನು ಏನು ಮಾಡಬೇಕೆಂದು ತಿಳಿಯದೆ ಅವರ ಪಕ್ಕದಲ್ಲಿ ನಿಂತೆ. ತಪ್ಪಾಯಿತು ಎಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನಮ್ಮಪ್ಪ ಇದ್ದಿದ್ರೆ ನಿನಗೆ ಎರಡು ಬಾರಿಸ್ತಿದ್ರು ಕಣೋ" ಎಂದರು. "ಆಮೇಲೆ ಪಕ್ಕದಲ್ಲಿ ಕೂರಿಸ್ಕೊಂಡು ಎಂಜಿನ್ ಪೂರ್ತಿ ಬಿಚ್ಚಿ, ಒಂದೊಂದೂ ತೋರಿಸಿ ಹೇಳ್ಕೊಡ್ತಿದ್ರು." ಟೂಲ್ ಬಾಕ್ಸಿನಿಂದ ಸ್ಪ್ಯಾನರ್ ತೆಗೆದು ನನ್ನ ಕೈಗಿಟ್ಟರು. "ಎಣ್ಣೆ ಒಳಗೆಲ್ಲ ಹೋಗಿರುತ್ತೆ, ಬಿಚ್ಚಿ ತೊಳೀಲೇಬೇಕು. ಅವರಿಲ್ಲ, ನಾನೇ ಹೇಳ್ಕೊಡ್ತೀನಿ. ಕೂತ್ಕೋ."

ನಾನು ಕೂತೆ. ಎರಡು ಸಲ ಫೇಲಾಗಿ ಯಾವ ಕೆಲಸಕ್ಕೂ ಬಾರದವನೆಂದು ನನ್ನನ್ನು ನಾನೇ ಬಿಟ್ಟುಬಿಟ್ಟಿದ್ದೆ. ಆ ಮಧ್ಯಾಹ್ನ ಅತ್ತಿಗೆಯ ಪಕ್ಕದಲ್ಲಿ ಕೂತು ಬಿಚ್ಚಿ ಜೋಡಿಸಲು ಕಲಿತ ಆ ಕೆಲಸವೇ ಮುಂದೆ ತಿಪಟೂರಿನಲ್ಲಿ ಮೂವತ್ತು ವರ್ಷ ನನಗೂ ನನ್ನ ಹೆಂಡತಿ ಮಕ್ಕಳಿಗೂ ಅನ್ನ ಹಾಕಿತು.